ಹೆಲ್ಮೆಟ್ ತೆಗೆಯಲು ಅವಳಿಗೊಂದು ಕಾರಣ ಕೊಡಿ

ಬೇರೆ ಗ್ರಹದಲ್ಲಿ ಹೆಲ್ಮೆಟ್ ತೆಗೆದು ಸೋಂಕು ತಗುಲಿಸಿಕೊಳ್ಳುವ ನಿಮ್ಮ ಚಿತ್ರಕಥೆಯ ವಿಜ್ಞಾನಿ ಓದಿದವರಿಗೆಲ್ಲ ಪೆದ್ದಿಯಂತೆ ಕಾಣುತ್ತಾಳೆ ಅಂದಿರಿ. ಕಾರಣ ಬಹುಶಃ ಇಷ್ಟೇ: ಹೆಲ್ಮೆಟ್ ತೆಗೆಯುವುದು ಅವಳಿಗೆ ಬೇಕಿಲ್ಲ, ನಿಮಗೆ ಬೇಕು. ಸೋಂಕು ತಗುಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ, ಅಲ್ವಾ? ನನ್ನ ಕಿರುಚಿತ್ರದಲ್ಲೂ ಇದೇ ಎಡವಟ್ಟಾಗಿತ್ತು.

ಮೊದಲು, ಆ ಕ್ಷಣದಲ್ಲಿ ಅವಳಿಗೆ ಅದರಿಂದ ಏನು ಸಿಗುತ್ತದೆ ಅಂತ ಒಂದೇ ಸಾಲಿನಲ್ಲಿ ಬರೆಯಿರಿ. ಬರೆಯಲಾಗದಿದ್ದರೆ ದೃಶ್ಯವನ್ನೇ ಕಿತ್ತುಹಾಕಿ. ಆಮೇಲೆ ಹೆಲ್ಮೆಟ್ ತೆಗೆಯಬಾರದು ಅನ್ನುವ ನಿಯಮಕ್ಕೆ ಎದುರಾಗಿ ಅಷ್ಟೇ ಬಲವಾದ ಒತ್ತಡ ಇಡಿ. ಆಮ್ಲಜನಕ ಮುಗಿಯುತ್ತಿರಲಿ, ಜೊತೆಗಾರ ಸಾಯುತ್ತಿರಲಿ. ನಿಜದಲ್ಲೂ ಹೀಗಾಗಿದೆ. 1969ರಲ್ಲಿ ಅಪೊಲೊ 11ರ ಯಾತ್ರಿಗಳನ್ನು ಚಂದ್ರನ ಸೂಕ್ಷ್ಮಜೀವಿಗಳ ಭಯದಿಂದ 21 ದಿನ ಪ್ರತ್ಯೇಕವಾಗಿಡುವ ನಿಯಮವಿತ್ತು. ಆದರೂ ಭೂಮಿಗೆ ಮರಳಿದ ನೌಕೆಯ ಬಾಗಿಲನ್ನು ತೆರೆದದ್ದು ನಡುಸಮುದ್ರದಲ್ಲಿ, ಹೊರಗಿನ ಗಾಳಿಗೆ! ಅವರನ್ನು ಸುರಕ್ಷಿತವಾಗಿ ಹೊರತರುವುದೇ ಮುಖ್ಯವಾಗಿತ್ತು. ಅಲ್ಲಿ ಯಾರೂ ದಡ್ಡರಿರಲಿಲ್ಲ.

ಕೊನೆಗೆ, ಒಬ್ಬರಾದರೂ ಗಟ್ಟಿಯಾಗಿ "ಬೇಡ" ಅನ್ನಲಿ. 1979ರ 'ಏಲಿಯನ್' ಚಿತ್ರದಲ್ಲಿ, ಅನ್ಯಜೀವಿ ಮುಖಕ್ಕೆ ಅಂಟಿಕೊಂಡ ಸಹಯಾತ್ರಿಯನ್ನು ಒಳಗೆ ಬಿಡಲು ನಾಯಕಿ ರಿಪ್ಲಿ ನೌಕೆಯ ಬಾಗಿಲು ತೆರೆಯಲು ಒಪ್ಪುವುದಿಲ್ಲ. ತೆರೆಯುವವನಿಗೆ ಬೇರೆಯದೇ ಗುಟ್ಟಿನ ಉದ್ದೇಶ ಇರುತ್ತದೆ. ಆ ದಾರಿ ನಿಮ್ಮ ಕಥೆಗೆ ಹೊಂದುತ್ತದಾ ಅನ್ನುವುದು ಪೂರ್ತಿ ಸ್ಕ್ರಿಪ್ಟ್ ಓದದೆ ಹೇಳಲಾರೆ. ಜೊತೆಗಾರನ ಜೀವದ ದಾರಿ ಸುಲಭ, ಅದನ್ನೇ ಮೊದಲು ಬರೆದು ನೋಡಿ.