ಭ್ರೂಣದ ರಿಸರ್ಚಿಗೆ ಟ್ಯಾಕ್ಸ್ ದುಡ್ಡು ಯಾಕೆ?

ಪ್ರಶ್ನೆ: ಡಾಕ್ಟ್ರೇ, ಭ್ರೂಣದಿಂದ ಸ್ಟೆಮ್ ಸೆಲ್ ತೆಗೆಯೋ ರಿಸರ್ಚಿಗೆ ಸರ್ಕಾರ ದುಡ್ಡು ಕೊಡೋದು ಸರೀನಾ? ನನಗದು ಜೀವ ತೆಗೆದ ಹಾಗೇ ಅನ್ಸುತ್ತೆ. ಬೇಕಾದೋರು ಸ್ವಂತ ದುಡ್ಡಲ್ಲಿ ಮಾಡ್ಕೊಳ್ಳಲಿ, ನಮ್ಮ ಟ್ಯಾಕ್ಸ್ ಯಾಕೆ?

ಉತ್ತರ: ನಿಮಗೆ ಹಾಗನ್ಸೋದನ್ನ ಮೂಢನಂಬಿಕೆ ಅಂತ ನಾನು ತಳ್ಳಿಹಾಕಲ್ಲ. ಐವಿಎಫ್ (ಲ್ಯಾಬಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಹಾಕೋ ಚಿಕಿತ್ಸೆ) ಮಾಡಿಸ್ಕೊಂಡೋರು ಮಿಕ್ಕಿದ ಭ್ರೂಣ ನಮಗೆ ಬೇಡ, ರಿಸರ್ಚಿಗೆ ತಗೊಳ್ಳಿ ಅಂತ ಬರೆದುಕೊಟ್ಟಿರ್ತಾರೆ, ಐದಾರು ದಿನದ್ದು, ಮರಳಿನ ಕಾಳಿಗಿಂತ ಸಣ್ಣದು, ಅದರೊಳಗಿರೋ ಒಂದು ಗುಂಪು ಕೋಶನ ಬಿಡಿಸಿ ತೆಗೆದು ಬೆಳೆಸ್ತಾರೆ (ಅವೇ ಸ್ಟೆಮ್ ಸೆಲ್, ಮೈಯ ಯಾವ ಥರದ ಕೋಶ ಬೇಕಾದ್ರೂ ಆಗಬಲ್ಲವು), ತೆಗೆದ್ಮೇಲೆ ಭ್ರೂಣ ಉಳಿಯಲ್ಲ. ಅದು ಜೀವಾನಾ ಅಲ್ವಾ ಅಂತ ಯಾವ ಮೈಕ್ರೋಸ್ಕೋಪೂ ಹೇಳಲ್ಲ.

ನನ್ನ ತಕರಾರು ಇರೋದು "ಸ್ವಂತ ದುಡ್ಡಲ್ಲಿ ಮಾಡ್ಕೊಳ್ಳಲಿ" ಅನ್ನೋ ಮಾತಿಗೆ. ಅಮೆರಿಕದಲ್ಲಿ ಅದನ್ನೇ ಮಾಡಿ ನೋಡಿದ್ರು. 1996ರಿಂದ ಭ್ರೂಣ ಹಾಳಾಗೋ ರಿಸರ್ಚಿಗೆ ಫೆಡರಲ್ (ಅಲ್ಲಿನ ಕೇಂದ್ರ ಸರ್ಕಾರದ) ದುಡ್ಡಿಲ್ಲ, ಆದ್ರೂ 1998ರಲ್ಲಿ ವಿಸ್ಕಾನ್ಸಿನ್‌ನ ವಿಜ್ಞಾನಿ ಜೇಮ್ಸ್ ಥಾಮ್ಸನ್ ಪ್ರೈವೇಟ್ ದುಡ್ಡು ತಗೊಂಡು ಬೇರೇನೇ ಲ್ಯಾಬ್ ಇಟ್ಕೊಂಡು ಮನುಷ್ಯ ಭ್ರೂಣದ ಸ್ಟೆಮ್ ಸೆಲ್ ಬೆಳೆಸೇಬಿಟ್ರು. 2001ರಲ್ಲಿ ಬುಷ್ ಆಗಲೇ ಭ್ರೂಣದಿಂದ ತೆಗೆದು ಬೆಳೆಸ್ತಿದ್ದ ಸೆಲ್ ಲೈನ್‌ಗಳಿಗೆ ಮಾತ್ರ ದುಡ್ಡು ಅಂದ್ರು, 2009ರಲ್ಲಿ ಒಬಾಮಾ ಅದನ್ನ ತೆಗೆಯೋವರೆಗೂ ಲ್ಯಾಬ್‌ಗಳಲ್ಲಿ ಇದು ಸರ್ಕಾರಿ ಸಾಮಾನು ಇದು ಪ್ರೈವೇಟು, ಎರಡೂ ಬೆರೆಯಬಾರದು ಅಂತ ಬಣ್ಣದ ಸ್ಟಿಕರ್ ಅಂಟಿಸ್ಕೊಂಡು ಓಡಾಡೋದು (ನಗು ಬರುತ್ತೆ, ಆದ್ರೆ ನಿಜ). ಕೆಲಸ ನಿಲ್ಲಲಿಲ್ಲ, ಲೆಕ್ಕ ಕೇಳೋರು ಕಮ್ಮಿ ಆದ್ರು ಅಷ್ಟೇ.

ಹಂಗಂತ ಸರ್ಕಾರದ ದುಡ್ಡು ಅಂದ್ರೆ ಗಂಗಾಜಲ ಏನಲ್ಲ. ಅಮೆರಿಕದ ಟಸ್ಕೀಗಿ ಅನ್ನೋ ಊರಲ್ಲಿ 1932ರಿಂದ 1972ರವರೆಗೆ ಸಿಫಿಲಿಸ್ ಅನ್ನೋ ಲೈಂಗಿಕ ರೋಗ ಇದ್ದ ಸುಮಾರು 400 ಜನ ಕಪ್ಪು ಗಂಡಸರಿಗೆ ಕಾಯಿಲೆ ಏನು ಅಂತಾನೂ ಹೇಳದೆ, ಅದನ್ನ ವಾಸಿಮಾಡೋ ಪೆನಿಸಿಲಿನ್ ಬಂದ್ಮೇಲೂ ಕೊಡದೆ ಸುಮ್ನೆ ನೋಡ್ತಾ ಕೂತಿದ್ದು ಅಮೆರಿಕ ಸರ್ಕಾರದ್ದೇ ಆರೋಗ್ಯ ಇಲಾಖೆ. ಒಪ್ಪಿಗೆ ಇಲ್ಲದೆ ಒಬ್ಬರ ಮೈಮೇಲೆ ಮಾಡೋದು ವಿವಾದ ಅಲ್ಲ, ಅನ್ಯಾಯ, ಅದಕ್ಕೆ ಒಂದು ಪೈಸಾನೂ ಬೇಡ. ಭ್ರೂಣದ್ದು ಒಳ್ಳೇ ಜನಾನೇ ಎರಡು ಕಡೆ ನಿಂತಿರೋ ಜಗಳ. ಅಂಥದ್ದಕ್ಕೆ ಬ್ರಿಟನ್ 1990ರಲ್ಲಿ ಕಾನೂನು ಮಾಡ್ತು: ಲೈಸೆನ್ಸ್ ಬೇಕು, ಲ್ಯಾಬಲ್ಲಿ ಭ್ರೂಣ 14 ದಿನ ದಾಟಬಾರದು, ದುಡ್ಡು ಯಾರದ್ದೇ ಆಗಿರಲಿ. ಹಿಂಗೆ ಕಟ್ಟುಪಾಡು ಹಾಕಿ ದುಡ್ಡು ಕೊಡಲಿ ಅನ್ನೋದು ನನ್ನ ಅಭಿಪ್ರಾಯ.

ನಿಮ್ಮ ಪರವಾಗಿ ಹೇಳೋ ಮಾತೂ ಒಂದಿದೆ. 2007ರಲ್ಲಿ ಜಪಾನಿನ ವಿಜ್ಞಾನಿ ಯಮನಾಕಾ ಮನುಷ್ಯರ ಚರ್ಮದ ಕೋಶಾನೇ ಸ್ಟೆಮ್ ಸೆಲ್ ಥರ ಮಾಡಿ ತೋರಿಸಿದ್ರು, 2012ರಲ್ಲಿ ನೊಬೆಲ್ ಬಂತು. ಭ್ರೂಣ ಮುಟ್ಟದ ಆ ದಾರಿಗೆ ಜಾಸ್ತಿ ಕೊಡಿ ಅಂತ ನೀವು ಧಾರಾಳವಾಗಿ ಕೇಳ್ಬಹುದು. ಆದ್ರೆ ಆ ಕೋಶ ಸರಿಯಾಗಿ ತಯಾರಾಗಿದೆಯಾ ಅಂತ ತಾಳೆ ನೋಡೋಕೆ ಪಕ್ಕದಲ್ಲಿ ಇಟ್ಕೊಂಡಿದ್ದು ಭ್ರೂಣದ ಕೋಶಾನೇ.