ಓದುಗರ ಪ್ರಶ್ನೆಗಳಿಗೆ ಉತ್ತರ: ಮುಚ್ಚಿದ ರಸ್ತೆ, ಅಗೆದ ಬೀದಿ

ಪ್ರಶ್ನೆ: ನಮ್ಮ ಸಣ್ಣ ನಗರದ ಮುಖ್ಯ ಬೀದಿಗೆ ಕಾಂಕ್ರೀಟ್ ಹಾಕಿ ವಾರ ಕಳೆದಿದೆ. ಮೇಲ್ಮೈ ಗಟ್ಟಿಯಾಗಿದೆ, ಕೆಲಸಗಾರರೂ ಕಾಣುತ್ತಿಲ್ಲ. ಆದರೂ ವಾಹನಗಳನ್ನು ಬಿಡುತ್ತಿಲ್ಲ. ಇದು ಅನಗತ್ಯ ವಿಳಂಬವಲ್ಲವೇ?

ಉತ್ತರ: ಅಲ್ಲ. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುತ್ತದೆ, ಹಾಗಾಗಿಯೇ ಹೊಸ ರಸ್ತೆಯ ಮೇಲೆ ಗೋಣಿತಾಟು ಹಾಸಿ ದಿನವೂ ನೀರುಣಿಸಿ ಕ್ಯೂರಿಂಗ್ ಮಾಡುತ್ತಾರೆ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟ್ 28 ದಿನಗಳಲ್ಲಿ ಪಡೆಯುವ ಬಲದ ಸುಮಾರು ಮೂರನೇ ಎರಡು ಭಾಗವನ್ನಷ್ಟೇ 7 ದಿನಗಳಲ್ಲಿ ಪಡೆದಿರುತ್ತದೆ. ಆ ಹಂತದಲ್ಲಿ ತುಂಬಿದ ಲಾರಿ ಹಾದುಹೋದರೆ ಮೂಡುವ ಬಿರುಕು ಅಂದು ಕಣ್ಣಿಗೆ ಬೀಳದಿರಬಹುದು, ಆದರೆ ರಸ್ತೆಯ ಆಯುಷ್ಯ ಅಲ್ಲಿಂದಲೇ ಕುಗ್ಗತೊಡಗುತ್ತದೆ. ಬೇಗ ಬಲ ಪಡೆಯುವ ಮಿಶ್ರಣಗಳೂ ಇವೆ. ಅವುಗಳ ವೆಚ್ಚ ಹೆಚ್ಚು. ಡಾಂಬರಿನ ವಿಷಯ ಬೇರೆ: ಬಿಸಿಯಾಗಿ ಹಾಸಿ ರೋಲರ್ ಓಡಿಸಿದ ಪದರ ಚೆನ್ನಾಗಿ ತಣ್ಣಗಾದರೆ ಸಾಕು, ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಸಂಚಾರ ಆರಂಭಿಸಬಹುದು. ಆದ್ದರಿಂದ ಡಾಂಬರು ಹಾಕಿದ ಮೇಲೂ ದಿನಗಟ್ಟಲೆ ರಸ್ತೆ ಮುಚ್ಚಿದ್ದರೆ ಮಾತ್ರ ನೀವು ಅವಶ್ಯವಾಗಿ ಕಾರಣ ಕೇಳಿ.

ಪ್ರಶ್ನೆ: ಹೊಸ ಡಾಂಬರು ಹಾಕಿದ ಕೆಲವೇ ವಾರಗಳಲ್ಲಿ ನೀರಿನ ಪೈಪಿಗಾಗಿ ರಸ್ತೆಯನ್ನು ಮತ್ತೆ ಅಗೆದರು. ಮುಚ್ಚಿದ ಜಾಗ ಈಗ ಉದ್ದಕ್ಕೂ ಕುಸಿದಿದೆ. ಅಗೆದ ರಸ್ತೆ ಮೊದಲಿನಂತಾಗಲು ಸಾಧ್ಯವೇ ಇಲ್ಲವೇ?

ಉತ್ತರ: ಬಹುಮಟ್ಟಿಗೆ ಸಾಧ್ಯವಿದೆ, ಆದರೆ ಅದಕ್ಕೆ ಬೇಕಾದ ಶ್ರಮವೆಲ್ಲ ನೆಲದೊಳಗಿನದು, ಮೇಲೆ ಹಾಕುವ ಡಾಂಬರಿನಿಂದ ಅದನ್ನು ತುಂಬಿಕೊಡಲಾಗುವುದಿಲ್ಲ. ಅಗೆದು ತೆಗೆದ ಮಣ್ಣು ಸಡಿಲಗೊಂಡು ಹೆಚ್ಚು ಜಾಗ ಹಿಡಿಯುತ್ತದೆ. ಅದನ್ನು ಒಮ್ಮೆಗೇ ಕಾಲುವೆಗೆ ತಳ್ಳಿ ಮೇಲಿನಿಂದ ರೋಲರ್ ಓಡಿಸಿದರೆ ಮೇಲಿನ ಸ್ವಲ್ಪ ಭಾಗ ಮಾತ್ರ ಬಿಗಿಯಾಗುತ್ತದೆ, ಕೆಳಗಿನದು ಸಡಿಲವಾಗಿಯೇ ಉಳಿದು ಮುಂದೆ ವಾಹನಗಳ ಭಾರಕ್ಕೂ ಇಳಿಯುವ ನೀರಿಗೂ ನಿಧಾನವಾಗಿ ಕುಗ್ಗುತ್ತದೆ. ಪೈಪಿನ ಸುತ್ತ ಮರಳಿನಂಥ ನುಣ್ಣನೆಯ ವಸ್ತು ತುಂಬಿ, ಅದರ ಮೇಲೆ ಸುಮಾರು 15ರಿಂದ 20 ಸೆಂಟಿಮೀಟರ್ ದಪ್ಪದ ಪದರಗಳಲ್ಲಿ ಮಣ್ಣು ಹಾಕುತ್ತ, ಪ್ರತಿ ಪದರವನ್ನೂ ಹದವಾದ ತೇವದಲ್ಲಿ ಯಂತ್ರದಿಂದ ಬಡಿದು ಬಿಗಿಗೊಳಿಸುವುದು ಸರಿಯಾದ ಕ್ರಮ. ಜೇಡಿ ಹೆಚ್ಚಿರುವ ಮಣ್ಣಿಗೆ ನೀರು ಹಾಯಿಸಿ ತಾನಾಗಿ ಕೂರಲೆಂದು ಬಿಡುವುದು ಇದಕ್ಕೆ ಬದಲಿಯಲ್ಲ. ಅದರಿಂದ ಸುತ್ತಲಿನ ಗಟ್ಟಿ ಮಣ್ಣೂ ಮೆತ್ತಗಾಗುತ್ತದೆ. ನಂತರ ಜಲ್ಲಿಯ ಪದರ ಮೊದಲಿದ್ದಷ್ಟೇ ದಪ್ಪಕ್ಕೆ ಬರಬೇಕು, ಹಳೆಯ ಡಾಂಬರಿನ ಅಂಚನ್ನು ನೇರವಾಗಿ ಕತ್ತರಿಸಬೇಕು, ಹೊಸದು ಹಳೆಯದನ್ನು ಕೂಡುವ ಗೆರೆಯನ್ನು ಡಾಂಬರಿನಿಂದ ಮುಚ್ಚಬೇಕು. ಈ ಕೊನೆಯ ಕೆಲಸವನ್ನು ಬಿಟ್ಟುಬಿಡುವವರೇ ಹೆಚ್ಚು. ಆ ಗೆರೆಯಲ್ಲಿ ಇಳಿದ ನೀರು ತಳಪಾಯವನ್ನು ನೆನೆಸುತ್ತದೆ, ನೆನೆದ ತಳಪಾಯದ ನುಣ್ಣನೆಯ ಕಣಗಳು ಚಕ್ರಗಳ ಒತ್ತಡಕ್ಕೆ ಹೊರಬರುತ್ತವೆ, ಕೆಳಗೆ ಆಸರೆ ಕಳೆದುಕೊಂಡ ಡಾಂಬರು ಒಡೆದು ಗುಂಡಿಯಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಕೆಲಸಗಳ ಅನುಕ್ರಮ. ಒಳಚರಂಡಿ, ನೀರು, ವಿದ್ಯುತ್, ದೂರಸಂಪರ್ಕ, ಇವೆಲ್ಲ ಒಂದೇ ಬೀದಿಯ ಕೆಳಗೆ ಸಾಗುವಾಗ ಮೇಲ್ಮೈಯ ಕೆಲಸ ಎಲ್ಲಕ್ಕಿಂತ ಕೊನೆಗೆ ಬರಬೇಕು. ಡಾಂಬರು ಹಾಕುವ ಮುನ್ನವೇ ಆಯಾ ಸಂಸ್ಥೆಗಳಿಂದ ಮುಂದಿನ ಕೆಲವು ವರ್ಷಗಳ ಯೋಜನೆ ಕೇಳಿ ಪಡೆಯುವುದು, ಮುಂದೆ ಬೇಕಾಗಬಹುದಾದ ತಂತಿಗಳಿಗಾಗಿ ರಸ್ತೆಗೆ ಅಡ್ಡಲಾಗಿ ಖಾಲಿ ಪೈಪುಗಳನ್ನು ಹೂತಿಡುವುದು ದುಬಾರಿ ಕೆಲಸಗಳಲ್ಲ. ಒಂದು ಬೀದಿಯನ್ನು ಒಮ್ಮೆ ಮುಚ್ಚಿದಾಗ ಅದರಡಿಯ ಎಲ್ಲ ಕೆಲಸಗಳನ್ನೂ ಮುಗಿಸಿಯೇ ತೆರೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ಮಾಡಿದರೆ ಮುಚ್ಚುವ ಅವಧಿ ಎರಡು ವಾರ ಹೆಚ್ಚಾದರೂ ಜನ ಸಹಿಸುತ್ತಾರೆ. ವರ್ಷಕ್ಕೆ ಮೂರು ಬಾರಿ ಅಗೆಯುವುದನ್ನು ಯಾರೂ ಸಹಿಸಬೇಕಾಗಿಲ್ಲ.

ಪ್ರಶ್ನೆ: ರಸ್ತೆಯನ್ನು ಪೂರ್ತಿ ಮುಚ್ಚದೆ ಅರ್ಧರ್ಧ ಭಾಗದಲ್ಲಿ ಕೆಲಸ ಮಾಡಬಾರದೇ?

ಉತ್ತರ: ಅಗಲ ಸಾಕಷ್ಟಿದ್ದರೆ ಮಾಡಬಹುದು. ಆದರೆ ಕೆಲಸ ನಿಧಾನವಾಗುತ್ತದೆ, ಕೆಲಸಗಾರರ ಪಕ್ಕದಲ್ಲೇ ವಾಹನಗಳು ಓಡುತ್ತವೆ, ನಡುವೆ ಉದ್ದಕ್ಕೂ ಉಳಿಯುವ ಬೆಸುಗೆಯ ಗೆರೆ ಮುಂದೆ ಬಿರುಕು ಬಿಡುವ ಸಾಧ್ಯತೆ ಇರುತ್ತದೆ. ಕಿರಿದಾದ ಬೀದಿಗಳಲ್ಲಿ ಪೂರ್ತಿ ಮುಚ್ಚುವುದೇ ಮೇಲು.

ಪ್ರಶ್ನೆ: ಮುಖ್ಯ ರಸ್ತೆ ಮುಚ್ಚಿ ಲಾರಿ, ಬಸ್ಸುಗಳನ್ನು ನಮ್ಮ ವಸತಿ ಬೀದಿಗೆ ತಿರುಗಿಸಿದ್ದಾರೆ. ಅದೂ ಹಾಳಾಗುತ್ತಿದೆ. ಯಾರನ್ನು ಏನೆಂದು ಕೇಳಬೇಕು?

ಉತ್ತರ: ನಿಮ್ಮ ಆತಂಕಕ್ಕೆ ಗಟ್ಟಿಯಾದ ಆಧಾರವಿದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ಬೃಹತ್ ರಸ್ತೆ ಪರೀಕ್ಷೆಯ ಫಲಿತಾಂಶಗಳಿಂದ, ರಸ್ತೆಗಾಗುವ ಹಾನಿ ವಾಹನದ ಅಚ್ಚಿನ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ದಂಡದ) ಮೇಲಿನ ಭಾರದ ಸುಮಾರು ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತದೆ ಎಂಬ ನಿಯಮ ರೂಪುಗೊಂಡಿತು. ಅಂದರೆ ಅಚ್ಚಿನ ಭಾರ ಎರಡು ಪಟ್ಟಾದರೆ ಹಾನಿ ಸುಮಾರು 16 ಪಟ್ಟಾಗುತ್ತದೆ. ಕಾರು, ಸ್ಕೂಟರುಗಳಿಗೆಂದು ತೆಳುವಾಗಿ ಕಟ್ಟಿದ ವಸತಿ ಬೀದಿ ಲಾರಿಗಳ ಸಾಲನ್ನು ಬಹುಕಾಲ ತಾಳಲಾರದು. ಹೀಗಾಗಿ ಭಾರಿ ವಾಹನಗಳಿಗೆ ಸುತ್ತಾದರೂ ಗಟ್ಟಿ ರಸ್ತೆಯನ್ನೂ, ಸಣ್ಣ ವಾಹನಗಳಿಗೆ ಮಾತ್ರ ಹತ್ತಿರದ ಬೀದಿಯನ್ನೂ ಗೊತ್ತುಪಡಿಸುವುದು ಸರಿಯಾದ ಯೋಜನೆ. ಲಾರಿಗಳಿಗೆ ತಿರುವಿನ ಸೂಚನೆಯನ್ನು ಮುಚ್ಚಿದ ಜಾಗದಲ್ಲಿ ಹಾಕಿ ಪ್ರಯೋಜನವಿಲ್ಲ. ಬದಲಿ ಮಾರ್ಗ ಕವಲೊಡೆಯುವ ವೃತ್ತಕ್ಕೂ ಮುಂಚೆಯೇ, ರಾತ್ರಿಯೂ ಓದುವಂತಿರುವ ಫಲಕ ಬೇಕು.

ನಗರಾಡಳಿತಕ್ಕೆ ಬರೆಯುವ ಮನವಿಯಲ್ಲಿ ಕೋಪಕ್ಕಿಂತ ನಿರ್ದಿಷ್ಟ ಪ್ರಶ್ನೆಗಳಿರಲಿ: ರಸ್ತೆ ತೆರೆಯುವ ದಿನಾಂಕ ಯಾವುದು, ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನಗಳ ದಾರಿ ಯಾವುದು, ಗಾಲಿಕುರ್ಚಿಯಲ್ಲಿ ಓಡಾಡುವವರಿಗೂ ವೃದ್ಧರಿಗೂ ಮನೆಬಾಗಿಲಿನ ತನಕ ಸಮತಟ್ಟಾದ ದಾರಿ ಉಳಿಸಿದ್ದೀರಾ, ಬದಲಿ ಮಾರ್ಗವಾದ ಬೀದಿಯ ದುರಸ್ತಿ ಇದೇ ಕಾಮಗಾರಿಯ ಗುತ್ತಿಗೆಯಲ್ಲಿ ಸೇರಿದೆಯೇ. ಇದರ ಜೊತೆಗೆ ಬೀದಿಯ ಈಗಿನ ಸ್ಥಿತಿಯ ಛಾಯಾಚಿತ್ರಗಳನ್ನು ದಿನಾಂಕ ಸಮೇತ ಲಗತ್ತಿಸಿ, ಮನವಿಯ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆದಿಟ್ಟುಕೊಳ್ಳಿ. ಕಾಮಗಾರಿ ಮುಗಿದ ಮೇಲೆ ಹಾನಿ ಮೊದಲೇ ಇತ್ತೆಂಬ ಉತ್ತರ ಬಂದರೆ ನಿಮಗೆ ಅವು ಬೇಕಾಗುತ್ತವೆ.