ಬೆಟ್ಟದ ಬುಡದಲ್ಲಿ ಮೂರು ದಿನ

ಪ್ರಶ್ನೆ: ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಗ್ರಾಮದ ಸಮೀಪ ತೋಟದ ಮನೆಯೊಂದನ್ನು ಡಿಸೆಂಬರ್ ತಿಂಗಳಿಗೆ ಗೊತ್ತು ಮಾಡಿದ್ದೇವೆ. ಗುರುವಾರ ರಾತ್ರಿ ತಲುಪಿ, ಭಾನುವಾರ ಸಂಜೆ ಹೊರಡುತ್ತೇವೆ. ನಮ್ಮೊಂದಿಗೆ ಮಂಡಿನೋವಿರುವ ಅತ್ತೆಯವರೂ ಹನ್ನೊಂದು ವರ್ಷದ ಮಗನೂ ಇರುತ್ತಾರೆ. ನಂದಿ ಬೆಟ್ಟದ ಸೂರ್ಯೋದಯವನ್ನು ಬಿಟ್ಟು ಬೇರೇನು ನೋಡಬಹುದು, ಎಲ್ಲಿ ನಡೆದಾಡಬಹುದು?
– ದಾವಣಗೆರೆಯ ಓದುಗರು

ಉತ್ತರ: ನೀವು ಬೆಟ್ಟದ ಬುಡದಲ್ಲೇ ತಂಗುವುದರಿಂದ, ಬೆಂಗಳೂರಿನಿಂದ ನಡುರಾತ್ರಿಯಲ್ಲಿ ಹೊರಟು ಬರುವವರ ಅವಸರ ನಿಮಗೆ ಬೇಕಾಗಿಲ್ಲ. ಶನಿವಾರ, ಭಾನುವಾರಗಳ ನಸುಕಿನಲ್ಲಿ ಬೆಟ್ಟದ ರಸ್ತೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಲ್ಲುತ್ತವೆ. ಹೊತ್ತು ಏರಿದ ಮೇಲೂ ಕಾರಿನೊಳಗೇ ಕುಳಿತಿದ್ದವರಲ್ಲಿ ಒಮ್ಮೆ ನಾನೂ ಒಬ್ಬ. ಆದ್ದರಿಂದ ಬೆಟ್ಟವನ್ನು ಶುಕ್ರವಾರವೇ ಮುಗಿಸಿಕೊಳ್ಳಿ, ಅದೂ ತಿಂಡಿ ತಿಂದು ನಿಧಾನವಾಗಿ. 1478 ಮೀಟರ್ ಎತ್ತರದ ಈ ಬೆಟ್ಟಕ್ಕೆ ಡಿಸೆಂಬರಿನಲ್ಲಿ ಮಂಜು ಕವಿದುಬಿಟ್ಟರೆ ಸೂರ್ಯನೇ ಕಾಣುವುದಿಲ್ಲ; ಮಂಜು ಹರಿಯುತ್ತಾ ಕೆಳಗಿನ ಕೆರೆಗಳು ಒಂದೊಂದಾಗಿ ತೋರತೊಡಗುವ ಹೊತ್ತೇ ನನಗೆ ಹೆಚ್ಚು ಪ್ರಿಯ. ತಿಂಡಿಯ ಚೀಲವನ್ನು ಮಗನ ಕೈಗೆ ಕೊಡಬೇಡಿ, ಕೋತಿಗಳು ಬಿಡುವುದಿಲ್ಲ.

ಅಂದೇ ಮಧ್ಯಾಹ್ನದ ನಂತರ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಬನ್ನಿ. ಬೆಟ್ಟ ನೋಡಿ ಹಿಂದಿರುಗುವವರಲ್ಲಿ ಅನೇಕರು ಇದನ್ನು ದಾಟಿಕೊಂಡು ಹೋಗುತ್ತಾರೆ, ಆದರೆ ಈ ಸುತ್ತಿನಲ್ಲಿ ಒಂದೇ ಒಂದನ್ನು ನೋಡಲು ಸಾಧ್ಯವೆನ್ನುವವರಿಗೆ ನಾನು ಹೇಳುವುದು ಇದನ್ನೇ. ಕ್ರಿ.ಶ. 806ರ ಶಾಸನದಲ್ಲಿಯೇ ಇದರ ಉಲ್ಲೇಖವಿದ್ದು, ಬಾಣರಿಂದ ವಿಜಯನಗರದವರವರೆಗೆ ಅನೇಕ ಮನೆತನಗಳು ಇಲ್ಲಿ ಕಟ್ಟಿಸುತ್ತಲೇ ಬಂದಿವೆ. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳು ಅಕ್ಕಪಕ್ಕದಲ್ಲಿದ್ದು, ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿಯೂ, ಅದರ ಮುಂದೆ ನುಣುಪಾದ ಕರಿಗಲ್ಲಿನ ಕಂಬಗಳ ಕಲ್ಯಾಣ ಮಂಟಪವೂ ಇವೆ. ಅರುಣಾಚಲೇಶ್ವರನು ಶಿವನ ಬಾಲ್ಯ, ಭೋಗನಂದೀಶ್ವರನು ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರನು ವೈರಾಗ್ಯ ಎಂಬುದು ಇಲ್ಲಿಯ ನಂಬಿಕೆ. ಬೆಳಿಗ್ಗೆ ವಿರಾಗಿಯನ್ನು ಕಂಡು ಸಂಜೆ ಭೋಗಿಯ ಬಳಿಗೆ ಇಳಿಯುವ ನಿಮ್ಮ ಕ್ರಮ ತಲೆಕೆಳಗಾದರೂ ಅತ್ತೆಯವರ ಮಂಡಿಗೆ ಅದೇ ಒಳ್ಳೆಯದು. ವಿಶಾಲವಾದ ಪ್ರಾಕಾರ ಸಮತಟ್ಟಾಗಿದೆ. ಶೃಂಗಿತೀರ್ಥವೆಂಬ ಕಲ್ಯಾಣಿಯ ಮೇಲಿನ ಮೆಟ್ಟಿಲಿನಲ್ಲಿ ಕುಳಿತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಎಲ್ಲರೂ ಸೇರಿ ನಡೆಯಲು ದೇವಾಲಯದಿಂದ ನಂದಿ ಹಾಲ್ಟ್ ರೈಲು ನಿಲ್ದಾಣದವರೆಗಿನ ಹಾದಿ ಸಾಕು. ಏರಿಳಿತ ಹೆಚ್ಚಿಲ್ಲ, ಬೆಟ್ಟ ಸದಾ ಕಣ್ಣೆದುರಿಗಿರುತ್ತದೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಹಾಕಿದ ಕಿರುಹಳಿಯ ಕಾಲದ ನಿಲ್ದಾಣವಿದು. ಹಳಿ ಈಗ ಅಗಲವಾಗಿದೆ. ತೋಟದ ಮನೆಯ ಸುತ್ತಲಿನ ಕಾಲುದಾರಿಗಳಲ್ಲಿಯೂ ಬೆಳಿಗ್ಗೆ ಅಡ್ಡಾಡಿ. ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆಯ ತೋಟ, ರಾಗಿಯ ಮೆದೆ ಎಲ್ಲವೂ ಆ ತಿಂಗಳಿನಲ್ಲಿ ಸಿಗುತ್ತವೆ. ರೇಷ್ಮೆ ಸಾಕುವ ಮನೆಯವರು ಒಪ್ಪಿದರೆ, ಹುಳು ಚಂದ್ರಿಕೆಯೆಂಬ ತಟ್ಟೆಯಲ್ಲಿ ಗೂಡು ಕಟ್ಟುವುದನ್ನು ಮಗನಿಗೆ ತೋರಿಸಿ. ಆದರೆ ಕೇಳದೆ ಒಳಗೆ ಕಾಲಿಡಬಾರದು, ಹುಳುಗಳಿಗೆ ಹೊರಗಿನಿಂದ ರೋಗ ತಗಲುವ ಭಯ ಅವರಿಗೆ ಇದ್ದೇ ಇರುತ್ತದೆ.

ಶನಿವಾರ ಮನೆಮಂದಿ ಎರಡು ಗುಂಪಾಗುವುದು ಲೇಸು. ಕಳವಾರದ ಬಳಿಯ ಸ್ಕಂದಗಿರಿಯನ್ನು ಮಗನೊಂದಿಗೆ ಒಬ್ಬರು ಹತ್ತಲಿ. ಚಾರಣದ ಟಿಕೆಟ್ಟನ್ನು ಆನ್‌ಲೈನಿನಲ್ಲಿ ಮುಂಚೆಯೇ ಕಾಯ್ದಿರಿಸಬೇಕು. ಹಾದಿ ಕಲ್ಲುಬಂಡೆಯದಾದ್ದರಿಂದ ಚಪ್ಪಲಿಯಲ್ಲಿ ಹೋಗಬೇಡಿ, ಬೇಕಾದಷ್ಟು ನೀರು ಹೊತ್ತೊಯ್ಯಿರಿ. ಇತ್ತ ಅತ್ತೆಯವರು ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಮತ್ತು ಸಮಾಧಿಯನ್ನು ನೋಡಿ, ರಂಗಸ್ಥಳವೆಂಬ ಊರಿನ ರಂಗನಾಥನ ದರ್ಶನ ಮಾಡಿಕೊಂಡು ಬರಬಹುದು.

ಭಾನುವಾರಕ್ಕೆ ಅನೇಕರು ಗುಡಿಬಂಡೆಯ ಕೋಟೆಯನ್ನು ಸೂಚಿಸುತ್ತಾರೆ. ಅಮಾನಿ ಬೈರಸಾಗರ ಕೆರೆಯ ಅಂದವನ್ನು ನೋಡಲು ಮೇಲೇರಲೇಬೇಕಾದ್ದರಿಂದ ನಿಮಗೆ ಅದನ್ನು ಹೇಳಲಾರೆ. ಅದಕ್ಕಿಂತ ಉತ್ತರ ಪಿನಾಕಿನಿಯ ಜಾಡು ಹಿಡಿಯಿರಿ. ನೆಲ್ಲೂರಿನ ಬಳಿ ಕಡಲು ಸೇರುವವರೆಗೆ 597 ಕಿಲೋಮೀಟರ್ ಸಾಗುವ ಈ ನದಿ ಹುಟ್ಟುವುದು ನಂದಿಯ ಸಾಲಿನ ಚನ್ನರಾಯನ ಬೆಟ್ಟದಲ್ಲಿ. ಅದೇ ನದಿಯ ದಂಡೆಯಲ್ಲಿ, ಗೌರಿಬಿದನೂರಿನ ಆಚೆಗೆ, ವಿದುರಾಶ್ವತ್ಥವಿದೆ. ವಿದುರನು ನೆಟ್ಟನೆಂಬ ಅಶ್ವತ್ಥ ಮರ 2001ರಲ್ಲಿ ಉರುಳಿತು. ಭಕ್ತರು ಹರಕೆಗೆ ಪ್ರತಿಷ್ಠಾಪಿಸಿದ ನಾಗರಕಲ್ಲುಗಳ ಸಾಲು ಮಾತ್ರ ಕಣ್ಣು ಹಾಯುವಷ್ಟು ದೂರಕ್ಕಿದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇಲ್ಲಿಯೇ. ಮಗನಿಗೆ ಸ್ಮಾರಕವನ್ನು ನಿಂತು ನೋಡುವಷ್ಟು ಸಮಯ ಕೊಡಿ.

ಹಿಂದಿರುಗುವಾಗ ಸೊಗಡಿನ ಅವರೆಕಾಯಿ ಕೊಳ್ಳುವುದಿದ್ದರೆ ಸಿಪ್ಪೆ ಮುಟ್ಟಿ ನೋಡಿ, ಕೈಗೆ ಅಂಟು ಹತ್ತಿ ಘಮ ಬರಬೇಕು. ದಾವಣಗೆರೆ ಸೇರುವವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೆವೆತು ಕೆಡುತ್ತದೆ.